‘ಇಲ್ಕಾಣ್ ಮಗಾ’ ಅಂದಾಗ ಮಗುವಿನ ತಲೆಯೊಳಗೆ ಏನಾಗುತ್ತದೆ?

ಮಗು ಮೊದಲ ಸಲ ‘ಅಮ್ಮ’ ಅಂದದ್ದನ್ನು ನಾವೆಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತೇವೆ. ಅಲ್ಲಿಂದಲೇ ಮಗು ಭಾಷೆ ಕಲಿಯಲು ಶುರು ಮಾಡಿತು ಅಂದುಕೊಳ್ತೇವೆ. ನಿಜವಾಗಿ ನೋಡಿದರೆ ಆ ಹೊತ್ತಿಗೆ ಮಗು ಎಷ್ಟೋ ತಿಂಗಳಿನಿಂದ ನಮ್ಮ ಮಾತುಗಳನ್ನು ಕೇಳಿಸಿಕೊಂಡು, ಅವುಗಳ ಸಹಾಯದಿಂದ ಸುತ್ತಲಿನ ಪ್ರಪಂಚವನ್ನು ವಿಂಗಡಿಸುತ್ತಾ ಬಂದಿರುತ್ತದೆ. ಯಾವುದು ಯಾವುದರ ಜಾತಿಗೆ ಸೇರಿದ್ದು, ಯಾವುದು ಬೇರೆ, ಇದೆಲ್ಲ ಮಾತು ಬರುವ ಮೊದಲಿನ ಕೆಲಸ.

ನನ್ನ ಮಗಳಿಗೆ ಈಗ 14 ತಿಂಗಳು. ನನ್ನ ಊರು ಬೈಂದೂರು ಕಡೆ. ಹೆಂಡತಿಯ ತವರು ಬ್ರಹ್ಮಾವರದ ಹತ್ತಿರ, ಮನೆಮಾತು ತುಳು. ವರ್ಕ್ ಫ್ರಮ್ ಹೋಮ್ ಸಿಕ್ಕಿದ ಮೇಲೆ ನಾವು ಕುಂದಾಪುರದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ, ಕೆಳಗಿನ ಮನೆಯವರು ಕೊಂಕಣಿ ಮಾತಾಡುವವರು. ಮುಂದಿನ ವರ್ಷಕ್ಕೆ ಅಂತ ಒಂದು ಪ್ಲೇಸ್ಕೂಲಿನಲ್ಲಿ ವಿಚಾರಿಸಲು ಹೋದಾಗ ಅಲ್ಲಿನವರು, “ಮನೆಯಲ್ಲಿ ಇಷ್ಟೊಂದು ಭಾಷೆ ಬೇಡ, ಒಂದೇ ಭಾಷೆ ಮಾತಾಡಿ. ಇಂಗ್ಲಿಷ್ ಆದರೆ ಒಳ್ಳೇದು. ಇಲ್ಲಾಂದ್ರೆ ಮಗು ಕನ್‌ಫ್ಯೂಸ್ ಆಗ್ತದೆ” ಅಂದರು. ಜೊತೆಗೆ ಬಂದಿದ್ದ ನನ್ನಮ್ಮ ಅದನ್ನು ಕೇಳಿಸಿಕೊಂಡಳು. ಮರುದಿನದಿಂದ ಮೊಮ್ಮಗಳ ಹತ್ತಿರ ಅವಳ ಮಾತೇ ಕಡಿಮೆಯಾಯಿತು. ಯಾಕೆ ಅಂತ ಕೇಳಿದರೆ, “ನಂಗೆ ಇಂಗ್ಲೀಷ್ ಬತ್ತಿಲ್ಲ. ನಾನ್ ಮಾತಾಡಿ ಹೆಣ್ಣಿಗೆ ತಪ್ಪ್ ಕಲ್ಸುದ್ ಬ್ಯಾಡ” ಅಂದಳು.

ಇಡೀ ದಿನ ಮಗುವಿನ ಜೊತೆ ಇರುವವಳು ಅವಳು. ಅವಳ ಬಾಯಿ ಕಟ್ಟಿದರೆ ಮಗುವಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ನಮ್ಮ ಮನೆಗೆ ಬಂದು ಕೂತಿತು. ನಾನು ಭಾಷಾ ವಿಜ್ಞಾನಿಯಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ಈ ವಿಷಯದಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಒಳ್ಳೊಳ್ಳೆ ಪ್ರಯೋಗಗಳು ನಡೆದಿವೆ. ಓದಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ ಅಂತ ನನಗೆ ಗೊತ್ತು.

ಹೆಸರು ಮೊದಲೋ, ಕಲ್ಪನೆ ಮೊದಲೋ?

ಬೆಕ್ಕು ಅನ್ನುವ ಪದ ಕಲಿಯಬೇಕಾದರೆ ಮಗುವಿನ ತಲೆಯಲ್ಲಿ ಬೆಕ್ಕು ಅಂದರೇನು ಎಂಬ ಕಲ್ಪನೆ ಇರಬೇಕಲ್ಲ? ಅಥವಾ ‘ಬೆಕ್ಕು’ ಅಂತ ಹತ್ತಾರು ಸಲ ಕೇಳಿದ ಮೇಲೆ ಆ ಕಲ್ಪನೆ ಹುಟ್ಟುತ್ತದೆಯೋ? ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳುವುದಾದರೆ, ಫೋಲ್ಡರ್ ಮೊದಲೇ ಇದ್ದು ಅದಕ್ಕೆ ಹೆಸರು ಕೊಡುತ್ತೇವೋ, ಹೆಸರು ಕೊಟ್ಟ ಮೇಲೆ ಫೋಲ್ಡರ್ ತೆರೆದುಕೊಳ್ಳುತ್ತದೋ?

ಮಾತು ಬಾರದ ಮಗುವನ್ನು ಇದನ್ನೆಲ್ಲ ಕೇಳುವುದು ಹೇಗೆ? ಸಂಶೋಧಕರು ಮಗುವಿನ ಕಣ್ಣನ್ನು ನೋಡುತ್ತಾರೆ. ಒಂದೇ ರೀತಿಯದ್ದನ್ನು ತೋರಿಸುತ್ತಾ ಹೋದರೆ ಮಗುವಿಗೆ ಬೇಜಾರು ಬರುತ್ತದೆ, ಬೇರೆಯದು ಬಂತು ಅನ್ನಿಸಿದರೆ ಮತ್ತೆ ದಿಟ್ಟಿಸುತ್ತದೆ. 1993ರಲ್ಲಿ ಪಾಲ್ ಕ್ವಿನ್, ಪೀಟರ್ ಐಮಸ್ ತಂಡ ಮೂರು–ನಾಲ್ಕು ತಿಂಗಳ ಮಕ್ಕಳಿಗೆ ಬೇರೆ ಬೇರೆ ಬೆಕ್ಕುಗಳ ಫೋಟೊ ತೋರಿಸಿ, ಕೊನೆಗೆ ಒಂದು ಹೊಸ ಬೆಕ್ಕು ಮತ್ತು ಒಂದು ನಾಯಿಯ ಫೋಟೊ ಇಟ್ಟಿತು. ಮಕ್ಕಳು ನಾಯಿಯನ್ನು ಹೆಚ್ಚು ಹೊತ್ತು ನೋಡಿದವು. ಅಂದರೆ ಯಾರೂ ಹೆಸರು ಹೇಳದೆಯೇ ‘ಇವೆಲ್ಲ ಒಂದೇ ರೀತಿ, ಇದು ಬೇರೆ’ ಎಂಬ ಒರಟು ವಿಂಗಡಣೆ ಆಗಲೇ ನಡೆದಿತ್ತು. ಮಗುವಿನ ತಲೆ ಖಾಲಿ ಹಾರ್ಡ್‌ಡಿಸ್ಕ್ ಅಲ್ಲ.

ಹಾಗಾದರೆ ಹೆಸರು ಬರೀ ಲೇಬಲ್ಲಾ? ಅಲ್ಲ. ಕಥೆ ಸ್ವಾರಸ್ಯವಾಗುವುದು ಇಲ್ಲಿಂದ.

ಮೀನಿನ ಚಿತ್ರ, ಮನುಷ್ಯರ ದನಿ

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಲಿಸಾ ಫೆರ್ರಿ, ಸೂಸನ್ ಹೆಸ್ಪೋಸ್, ಸಾಂಡ್ರಾ ವ್ಯಾಕ್ಸ್‌ಮನ್ 2010ರಲ್ಲಿ ಮೂರು–ನಾಲ್ಕು ತಿಂಗಳ ಮಕ್ಕಳಿಗೆ ಮೀನು ಅಥವಾ ಡೈನೊಸಾರ್ ಚಿತ್ರಗಳನ್ನು ಒಂದರ ನಂತರ ಒಂದು ತೋರಿಸಿದರು. ಕೆಲವು ಮಕ್ಕಳಿಗೆ ಪ್ರತಿ ಚಿತ್ರದ ಜೊತೆ, ಇಲ್ಲಿ ನೋಡು ಅಂತ ಕರೆದು ಒಂದು ಹೊಸ ಹೆಸರು ಹೇಳುವ ಮಾತು ಕೇಳಿಸಿದರು. ಉಳಿದವರಿಗೆ ಅಷ್ಟೇ ಉದ್ದದ ಬೀಪ್‌ನಂಥ ಸದ್ದು. ಚಿತ್ರಗಳು ಅವೇ. ಆದರೆ ಮಾತು ಕೇಳಿದ ಮಕ್ಕಳು ‘ಇವೆಲ್ಲ ಒಂದೇ ಗುಂಪು’ ಎಂದು ಗುರುತಿಸಿದವು, ಬೀಪ್ ಕೇಳಿದ ಮಕ್ಕಳಿಗೆ ಅದು ಆಗಲಿಲ್ಲ.

ಯೋಚಿಸಿ: ಆ ವಯಸ್ಸಿಗೆ ಮಗುವಿಗೆ ಆ ಪದ ನೆನಪಿಟ್ಟುಕೊಂಡು ಹೇಳಲು ಬರುವುದಿಲ್ಲ, ಅದರ ಅರ್ಥವೂ ಗೊತ್ತಿಲ್ಲ. ಆದರೂ ಒಂದೇ ಮಾತು ಬೇರೆ ಬೇರೆ ವಸ್ತುಗಳ ಜೊತೆ ಬಂದಾಗ, ಇವುಗಳಲ್ಲಿ ಏನೋ ಸಮಾನ ಇದೆ ಅಂತ ಹುಡುಕಲು ತೊಡಗುತ್ತದೆ. ವ್ಯಾಕ್ಸ್‌ಮನ್ ಇದನ್ನು ಒಂದು ಆಹ್ವಾನ ಅನ್ನುತ್ತಾರೆ. ಹೆಸರು ಕಲ್ಪನೆಯನ್ನು ರೆಡಿಮೇಡ್ ಆಗಿ ಕೊಡುವುದಿಲ್ಲ, ಹುಡುಕಿಕೋ ಅಂತ ಮಗುವನ್ನು ಕರೆಯುತ್ತದೆ.

ಇದೇ ತಂಡ 2013ರಲ್ಲಿ ಮಡಗಾಸ್ಕರ್‌ನ ಲೆಮೂರ್ ಎಂಬ ಪ್ರಾಣಿಯ ಕೂಗನ್ನೂ ಕೇಳಿಸಿ ನೋಡಿತು. ಮೂರು–ನಾಲ್ಕು ತಿಂಗಳಿನಲ್ಲಿ ಆ ಕೂಗೂ ಮಾತಿನಷ್ಟೇ ಕೆಲಸ ಮಾಡಿತು! ಆರು ತಿಂಗಳಾಗುವಾಗ ಅದರ ಪ್ರಭಾವ ಹೋಗಿತ್ತು, ಮನುಷ್ಯರ ಮಾತಿಗೆ ಮಾತ್ರ ಆ ಶಕ್ತಿ ಉಳಿದಿತ್ತು. ತನಗೆ ಕೆಲಸಕ್ಕೆ ಬರುವ ದನಿ ಯಾವುದು ಅಂತ ಅರ್ಧ ವರ್ಷದೊಳಗೆ ಮಗು ತೀರ್ಮಾನ ಮಾಡಿರುತ್ತದೆ.

ಈ ಪ್ರಯೋಗ ಓದುವಾಗ ನನಗೆ ನಮ್ಮ ಕಡೆಯ ‘ಇಲ್ಕಾಣ್’ ನೆನಪಾಯಿತು. ಕುಂದಾಪುರ ಕಡೆಯವರನ್ನು ಬೇರೆಯವರು ತಮಾಷೆ ಮಾಡುವುದೇ ಆ ಪದ ಹಿಡಿದು. “ಇಲ್ಕಾಣ್ ಮಗಾ, ಕಾಕಿ!” “ಅಲ್ಕಾಣ್, ಗಂಟಿ ಬಂತ್!” ಮೊದಲು ಮಗುವಿನ ಗಮನ ಎಳೆಯುವುದು, ನಂತರ ಹೆಸರು ಹೇಳುವುದು. ಲ್ಯಾಬಿನಲ್ಲಿ ಮಾಡಿದ್ದೂ ಇದನ್ನೇ. ಬ್ರಹ್ಮಾವರದ ಮನೆಯಲ್ಲಿ ಅದು “ಮುಲ್ಪ ತೂಲ, ಪುಚ್ಚೆ” ಆಗುತ್ತದೆ, ಕೆಳಗಿನ ಮನೆಯಲ್ಲಿ “ಹಾಂಗಾ ಪಳೆ, ಮಾಜರ್” ಆಗುತ್ತದೆ. ಮೂರೂ ಕಡೆ ಬೆಕ್ಕು ಅದೇ, ಕರೆಯುವ ರೀತಿಯೂ ಅದೇ.

ಒಂದು ಹೆಸರು ಸೇರಿಸುತ್ತದೆ, ಎರಡು ಹೆಸರು ಬಿಡಿಸುತ್ತದೆ

ಹೆಸರಿಗೆ ಇನ್ನೊಂದು ಕೆಲಸವೂ ಇದೆ. 2002ರಲ್ಲಿ ಫೇ ಶು ಎಂಬ ಸಂಶೋಧಕಿ ಒಂಬತ್ತು ತಿಂಗಳ ಮಕ್ಕಳ ಎದುರು ಪರದೆಯ ಹಿಂದಿನಿಂದ ಒಮ್ಮೆ ಆಟಿಕೆ ಬಾತುಕೋಳಿ, ಒಮ್ಮೆ ಚೆಂಡು ಹೊರಗೆ ತಂದು ತೋರಿಸಿದರು. ಎರಡಕ್ಕೂ ಬೇರೆ ಬೇರೆ ಹೆಸರು ಹೇಳಿದಾಗ, ಪರದೆ ತೆಗೆದರೆ ಎರಡು ವಸ್ತು ಇರಬೇಕು ಅಂತ ಮಕ್ಕಳು ನಿರೀಕ್ಷಿಸಿದವು. ಎರಡಕ್ಕೂ ಒಂದೇ ಹೆಸರು ಹೇಳಿದಾಗ ಆ ನಿರೀಕ್ಷೆ ಕಾಣಲಿಲ್ಲ.

ನಮ್ಮ ಊರಿನಲ್ಲಿ ಇದಕ್ಕೆ ಉದಾಹರಣೆ ಮೀನಿನ ಬುಟ್ಟಿಯಲ್ಲೇ ಇದೆ. ಬೆಂಗಳೂರಿನ ನನ್ನ ಸಹೋದ್ಯೋಗಿಗೆ ಬುಟ್ಟಿಯಲ್ಲಿರುವುದೆಲ್ಲ ‘ಫಿಶ್’. ಗಂಗೊಳ್ಳಿಯ ಮನೆಯ ಮಗುವಿಗೆ ಇದು ಬೈಗೆ, ಇದು ಬಂಗ್ಡೆ, ಇದು ಕಾಣೆ. ಆ ಮಗುವಿನ ಕಣ್ಣು ನಮಗಿಂತ ಚುರುಕು ಅಂತಲ್ಲ. ಬೇರೆ ಬೇರೆ ಹೆಸರು ಕೇಳಿ ಕೇಳಿ, ಎಲ್ಲಿ ವ್ಯತ್ಯಾಸ ಹುಡುಕಬೇಕು ಅಂತ ಅದಕ್ಕೆ ಗೊತ್ತಾಗಿದೆ. ಹಟ್ಟಿಯಲ್ಲಿ ಇದು ತಿರುಗುಮುರುಗು: ಹಸು, ಹೋರಿ, ಕರು ಬೇರೆ ಬೇರೆ, ಆದರೆ ‘ಗಂಟಿ’ ಅಂದರೆ ಎಲ್ಲವೂ ಒಂದು. ಒಂದೇ ಪ್ರಾಣಿ ಎರಡು ಹೆಸರಿನ ಕೆಳಗೆ ಬರಬಹುದು ಅನ್ನುವುದನ್ನೂ ಮಗು ಹೀಗೆಯೇ ಕಲಿಯುತ್ತದೆ.

ಇದು ಸಣ್ಣ ಸಾಧನೆಯಲ್ಲ. ನೀವು ಹಸು ತೋರಿಸಿ ‘ಗಂಟಿ’ ಅಂದಾಗ ಮಗು ಅದನ್ನು ಕೊಂಬು ಅಂತಲೋ, ಕಪ್ಪು ಬಣ್ಣ ಅಂತಲೋ, ಮೇಯುವುದು ಅಂತಲೋ ತಿಳಿಯಬಹುದು. ಯಾವುದು ಅಂತ ನಾವು ಯಾರೂ ವಿವರಿಸುವುದಿಲ್ಲ. ನಾಳೆ ಬಿಳಿ ಹಸುವಿಗೂ, ಮಲಗಿದ್ದ ಕರುವಿಗೂ ಅದೇ ಪದ ಕೇಳಿದಾಗ ಮಗು ತನ್ನ ಊಹೆ ಸರಿಮಾಡಿಕೊಳ್ಳುತ್ತದೆ. ನಾಲ್ಕು ಕಾಲಿನದ್ದೆಲ್ಲ ‘ಬೌ ಬೌ’ ಅನ್ನುವ ಮಗುವನ್ನು ಕಂಡು ನಗುತ್ತೇವಲ್ಲ, ಅದು ಈ ಊಹೆಯ ನಡುವಿನ ಹಂತ. ಎಷ್ಟೋ ಸಲ ಅಂಥ ಮಗುವಿಗೆ ‘ನಾಯಿ ಎಲ್ಲಿ?’ ಅಂತ ಕೇಳಿದರೆ ಸರಿಯಾಗಿಯೇ ತೋರಿಸುತ್ತದೆ. ಕಲ್ಪನೆ ಸರಿ ಇದೆ, ಬಾಯಿಗೆ ಸಿಗುವ ಪದ ಮಾತ್ರ ಒಂದೇ.

ಬಾಯಿಗಿಂತ ಕಿವಿ ಎಷ್ಟು ಮುಂದಿದೆ ಅಂತ ತೋರಿಸಿದ್ದು 2012ರ ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ ಅವರ ಅಧ್ಯಯನ. ತಾಯಿ ಅಥವಾ ತಂದೆ ಪದ ಹೇಳಿದಾಗ ಆರರಿಂದ ಒಂಬತ್ತು ತಿಂಗಳ ಮಕ್ಕಳು ತಿಂಡಿಗಳ, ಮೈಯ ಅಂಗಗಳ ಸರಿಯಾದ ಚಿತ್ರದ ಕಡೆ ಹೆಚ್ಚು ನೋಡಿದವು. ಇನ್ನೂ ಒಂದು ಪದವೂ ಆಡದ ಮಕ್ಕಳು ಅವು.

ಪ್ರತಿ ಭಾಷೆಯೂ ಬೇರೆ ಕಡೆ ಗೆರೆ ಎಳೆಯುತ್ತದೆ

ಗಾಜು ಒಡೆಯುತ್ತದೆ, ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ. ಇಂಗ್ಲಿಷಿನಲ್ಲಿ ಮೊದಲ ಎರಡಕ್ಕೂ ‘ಬ್ರೇಕ್’ ಸಾಕು. ಕನ್ನಡದ ಮಗು ವಸ್ತು ಗಡುಸೋ, ಉದ್ದವೋ, ತೆಳುವೋ ಅಂತ ಗಮನಿಸಿಯೇ ಪದ ಆರಿಸಬೇಕು. ಕೊರಿಯನ್ ಭಾಷೆಯಲ್ಲಿ ಒಂದರೊಳಗೊಂದು ಬಿಗಿಯಾಗಿ ಕೂರುವುದಕ್ಕೆ, ಸಡಿಲವಾಗಿ ಕೂರುವುದಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ. ಇಂಗ್ಲಿಷಿನಲ್ಲಿ ಆ ಭೇದ ಇಲ್ಲ. ಆದರೆ 2004ರಲ್ಲಿ ಹೆಸ್ಪೋಸ್ ಮತ್ತು ಎಲಿಜಬೆತ್ ಸ್ಪೆಲ್ಕಿ, ಇಂಗ್ಲಿಷ್ ಮನೆಗಳ ಐದು ತಿಂಗಳ ಮಕ್ಕಳು ಕೂಡ ಬಿಗಿ–ಸಡಿಲ ಭೇದವನ್ನು ಗಮನಿಸುತ್ತವೆ ಎಂದು ತೋರಿಸಿದರು. ಅದೇ ಭಾಷೆಯ ದೊಡ್ಡವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸದ್ದಿನ ವಿಷಯದಲ್ಲಿ ಇದಕ್ಕಿಂತ ಹಳೆಯ ಉದಾಹರಣೆ ಇದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ನಮ್ಮ ‘ತ’ ಮತ್ತು ‘ಟ’ಗಳಂಥ ಹಿಂದಿ ಸದ್ದುಗಳನ್ನು ಇಂಗ್ಲಿಷ್ ಮನೆಗಳ ಮಕ್ಕಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಮಕ್ಕಳಿಗೆ ವ್ಯತ್ಯಾಸ ಗೊತ್ತಾಯಿತು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವರಲ್ಲಿ ಆ ಸಾಮರ್ಥ್ಯ ಕುಗ್ಗಿತ್ತು. ಮಗು ಹುಟ್ಟುವಾಗ ಹಲವು ಬಾಗಿಲು ತೆರೆದಿರುತ್ತವೆ. ಮನೆಯಲ್ಲಿ ಕೇಳುವ ಮಾತು ಯಾವುದನ್ನು ತೆರೆದಿಡಬೇಕು ಅಂತ ಹೇಳುತ್ತದೆ.

ಮೂರು ಭಾಷೆಯ ಮನೆಯಲ್ಲಿ ಕನ್‌ಫ್ಯೂಸ್ ಆಗುತ್ತದೆಯೇ?

ಈಗ ನಮ್ಮ ಮನೆಯ ಪ್ರಶ್ನೆಗೆ ಬರೋಣ. ಬ್ರಹ್ಮಾವರದಿಂದ ಬೈಂದೂರಿಗೆ ಹೈವೇಯಲ್ಲಿ 50–60 ಕಿ.ಮೀ. ಅಷ್ಟರೊಳಗೆ ತುಳು, ಕುಂದಗನ್ನಡ, ಕೊಂಕಣಿ, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಇಲ್ಲಿನ ಮಕ್ಕಳು ತಲೆಮಾರುಗಳಿಂದ ಹೀಗೆಯೇ ಬೆಳೆದವರು.

ಒಂದೇ ಭಾಷೆಯ ಮಗುವಿಗೆ 17–18 ತಿಂಗಳ ಹೊತ್ತಿಗೆ ಒಂದು ಅಭ್ಯಾಸ ಬರುತ್ತದೆ: ಹೆಸರು ಗೊತ್ತಿರುವ ವಸ್ತು ಮತ್ತು ಗೊತ್ತಿಲ್ಲದ ವಸ್ತು ಎದುರಿಗಿದ್ದು ಹೊಸ ಪದ ಕೇಳಿಸಿದರೆ, ಅದು ಹೊಸ ವಸ್ತುವಿನದ್ದೇ ಅಂದುಕೊಳ್ಳುತ್ತದೆ. 2009ರಲ್ಲಿ ಕ್ರಿಸ್ಟಾ ಬೈಯರ್ಸ್–ಹೈನ್ಲೈನ್ ಮತ್ತು ವರ್ಕರ್ ಇದನ್ನು ಒಂದು, ಎರಡು, ಮೂರು ಭಾಷೆಗಳ ಮಕ್ಕಳಲ್ಲಿ ಹೋಲಿಸಿದರು. ಏಕಭಾಷಿಕ ಮಕ್ಕಳಲ್ಲಿ ಈ ಅಭ್ಯಾಸ ಗಟ್ಟಿಯಾಗಿತ್ತು, ದ್ವಿಭಾಷಿಕರಲ್ಲಿ ಸ್ವಲ್ಪ ಮಾತ್ರ, ತ್ರಿಭಾಷಿಕರಲ್ಲಿ ಕಾಣಲೇ ಇಲ್ಲ. ಇದು ಗೊಂದಲ ಅಲ್ಲ, ಅನುಭವಕ್ಕೆ ಸರಿಯಾದ ಲೆಕ್ಕಾಚಾರ. ಬೆಕ್ಕು, ಪುಚ್ಚೆ, ಮಾಜರ್ ಮೂರೂ ಒಂದೇ ಪ್ರಾಣಿಗೆ ಹೇಳುವ ಮನೆಯಲ್ಲಿ ‘ಒಂದು ವಸ್ತುವಿಗೆ ಒಂದೇ ಹೆಸರು’ ಅನ್ನುವ ನಿಯಮ ಹಿಡಿದರೆ ಮಗುವೇ ಸೋಲುತ್ತದೆ.

ಪದಗಳ ಲೆಕ್ಕದಲ್ಲೂ ಎಚ್ಚರ ಬೇಕು. ಮಯಾಮಿಯ ಸ್ಪ್ಯಾನಿಶ್–ಇಂಗ್ಲಿಷ್ ಮನೆಗಳ ಪುಟ್ಟ ಮಕ್ಕಳ ಮೇಲೆ ಬಾರ್ಬರಾ ಪಿಯರ್ಸನ್ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಭಾಷೆಗಳನ್ನು ಸೇರಿಸಿ ಎಣಿಸಿದಾಗ ಆ ಮಕ್ಕಳು ಏಕಭಾಷಿಕ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ನಿಮ್ಮ ಮಗುವಿಗೆ ಕನ್ನಡದಲ್ಲಿ ಹತ್ತು ಪದ ಮಾತ್ರ ಬರುತ್ತದೆ ಅಂತ ಚಿಂತಿಸುವ ಮೊದಲು ತುಳುವಿನದ್ದು ಎಷ್ಟು, ಕೊಂಕಣಿಯದ್ದು ಎಷ್ಟು ಅಂತ ಕೂಡಿಸಿ ನೋಡಿ.

ಪದ ಮಾತ್ರ ಅಲ್ಲ, ವಾಕ್ಯವೂ ಬೇಕು

ನಮ್ಮ ಕನ್ನಡದ ಮೇಲೆಯೇ ನಡೆದ ಒಂದು ಪ್ರಯೋಗ ನನಗೆ ತುಂಬ ಹಿಡಿಸಿತು. ಕನ್ನಡದಲ್ಲಿ ‘ಓಡು’ಗೆ ‘ಇಸು’ ಸೇರಿಸಿದರೆ ‘ಓಡಿಸು’. ಇನ್ನೊಬ್ಬರಿಂದ ಮಾಡಿಸುವ ಅರ್ಥ ಆ ಪ್ರತ್ಯಯದಲ್ಲೇ ಇದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆಗಳಿಂದ ಅಭಿನಯಿಸಲು ಹೇಳಿದರು. ಮಕ್ಕಳು ‘ಇಸು’ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದ ಇದೆ ಅನ್ನುವುದನ್ನು ನಂಬಿದರು. ಇಬ್ಬರ ಹೆಸರು ಇದ್ದರೆ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿದರು ಅಂತ ಅರ್ಥ ಮಾಡಿದರು. ದೊಡ್ಡವರು ‘ಇಸು’ವನ್ನು ಗಮನಿಸಿದರು.

ಇದರಿಂದ ನಾನು ತೆಗೆದುಕೊಂಡ ಪಾಠ ಇಷ್ಟು: ಕ್ರಿಯಾಪದಗಳನ್ನು ಮಗು ಫ್ಲ್ಯಾಶ್‌ಕಾರ್ಡಿನಿಂದ ಕಲಿಯುವುದಿಲ್ಲ. ‘ಅಜ್ಜಿ ಬಾಗಿಲು ಹಾಕಿದಳು’, ‘ಬಾಗಿಲು ಬಿತ್ತು’ ಎಂಬ ಇಡೀ ವಾಕ್ಯ ಅದಕ್ಕೆ ಬೇಕು. ಅಂಥ ವಾಕ್ಯ ಸಲೀಸಾಗಿ ಬರುವುದು ಮಾತಾಡುವವರ ಸ್ವಂತ ಭಾಷೆಯಲ್ಲಿ. ಪರಕೀಯ ಭಾಷೆಯಲ್ಲಿ ನನ್ನಮ್ಮ ಹೆಚ್ಚೆಂದರೆ ‘ಕ್ಯಾಟ್, ಡಾಗ್’ ಅಂತ ಹೇಳಿಯಾಳು.

ಮೊಬೈಲ್ ಕಲಿಸುತ್ತದೆಯೇ?

ನಮ್ಮ ಪೀಳಿಗೆಯ ದೊಡ್ಡ ಆಸೆ ಇದು. 2010ರಲ್ಲಿ ಜೂಡಿ ಡಿಲೋಚ್ ತಂಡ 12ರಿಂದ 18 ತಿಂಗಳ ಮಕ್ಕಳಿಗೆ ಪದ ಕಲಿಸುವ ಜನಪ್ರಿಯ ವಿಡಿಯೊವನ್ನು ಒಂದು ತಿಂಗಳು ತೋರಿಸಿ ಪರೀಕ್ಷಿಸಿತು. ವಿಡಿಯೊ ನೋಡಿದ ಮಕ್ಕಳು ನೋಡದ ಮಕ್ಕಳಿಗಿಂತ ಹೆಚ್ಚು ಪದ ಕಲಿತಿರಲಿಲ್ಲ. ವಿಡಿಯೊ ಇಲ್ಲದೆ, ದಿನನಿತ್ಯದ ಕೆಲಸದ ನಡುವೆ ಹೆತ್ತವರೇ ಪದ ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಲಿತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನ್ ಬೇಡ ಅನ್ನುತ್ತದೆ.

ಎಐ ಕೆಲಸ ಮಾಡುವವರಿಗೆ ಇನ್ನೊಂದು ಸುದ್ದಿ. 2024ರಲ್ಲಿ ವಾಯ್ ಕೀನ್ ವಾಂಗ್, ಬ್ರೆಂಡನ್ ಲೇಕ್ ಮತ್ತು ಸಂಗಡಿಗರು ಒಂದೇ ಮಗುವಿನ ತಲೆಗೆ ಕಟ್ಟಿದ ಕ್ಯಾಮೆರಾದ 61 ಗಂಟೆಗಳ ವಿಡಿಯೊದಿಂದ ಒಂದು ಮಾಡೆಲ್ ಟ್ರೇನ್ ಮಾಡಿದರು. ಮಗುವಿಗೆ ಆರು ತಿಂಗಳಾದಾಗಿನಿಂದ 25 ತಿಂಗಳವರೆಗಿನ ತುಣುಕುಗಳು ಅವು. ಅಷ್ಟರಿಂದಲೇ ಅದು ಹಲವು ಪದಗಳನ್ನು ಸರಿಯಾದ ಚಿತ್ರದ ಜೊತೆ ಜೋಡಿಸಲು ಕಲಿಯಿತು. ಆ 61 ಗಂಟೆಗಳಲ್ಲಿ ಇದ್ದದ್ದು ಕಲಿಕೆಯ ಕಾರ್ಟೂನ್ ಅಲ್ಲ, ಮಗು ನೋಡುತ್ತಿದ್ದ ಹೊತ್ತಿಗೆ ಮನೆಯವರು ಆಡಿದ ಮಾಮೂಲಿ ಮಾತು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ತಡವಾದರೆ ‘ಎರಡು ಭಾಷೆ ಅಲ್ವಾ, ಹಾಗೇ’ ಅಂತ ಕೂರಬಾರದು. ಸದ್ದಿಗೆ ತಿರುಗದಿದ್ದರೆ, ವರ್ಷವಾದರೂ ಹೆಸರು ಕರೆದಾಗ ಸ್ಪಂದಿಸದಿದ್ದರೆ, ಬೆರಳು ತೋರಿಸದಿದ್ದರೆ, ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಪದ ಬಾರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೇಲೆ ಹೇಳಿದ ಎಲ್ಲ ಆಹ್ವಾನವೂ ಮಗುವಿಗೆ ತಲುಪಿದರೆ ತಾನೇ? ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸದ್ದು. ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆಯೂ ಪೂರ್ಣ ಭಾಷೆಯೇ.

ಉಳಿದಂತೆ ಖರ್ಚಿಲ್ಲದ ಕೆಲವು ಕೆಲಸಗಳಿವೆ. ಮಗು ಈಗಾಗಲೇ ನೋಡುತ್ತಿರುವ ವಸ್ತುವಿನ ಹೆಸರು ಹೇಳಿ. ನಿಮ್ಮ ಕಡೆ ಎಳೆದು ಹೇಳಿಕೊಡುವುದಕ್ಕಿಂತ ಅದು ಹೆಚ್ಚು ಹತ್ತುತ್ತದೆ ಅಂತ ಮೈಕಲ್ ಟೊಮಸೆಲ್ಲೊ ಮತ್ತು ಜೆಫ್ರಿ ಫರಾರ್ 1986ರಲ್ಲೇ ತೋರಿಸಿದ್ದಾರೆ. ಒಂದೇ ಹೆಸರನ್ನು ಬೇರೆ ಬೇರೆ ವಸ್ತುಗಳಿಗೆ ಬಳಸಿ: ಕೆಂಪು ಚೆಂಡು, ಒದ್ದೆ ಚೆಂಡು, ಪಕ್ಕದ ಮನೆಯ ಚೆಂಡು. ಫೋನ್ ಕೆಳಗಿಡಿ. ಮನೆಯಲ್ಲಿ ಯಾರಿಗೆ ಯಾವ ಭಾಷೆ ಸಲೀಸೋ ಅವರು ಅದರಲ್ಲೇ ಮಾತಾಡಲಿ. ಇಂಗ್ಲಿಷಿಗೆ ಮುಂದೆ ಶಾಲೆ, ಊರು, ಇಂಟರ್ನೆಟ್ ಎಲ್ಲ ಇವೆ. ‘ಬೈಗೆ’, ‘ಗಂಟಿ’, ‘ಇಲ್ಕಾಣ್’ ಹೇಳಲು ಅಜ್ಜಿಯರು ಮಾತ್ರ ಇದ್ದಾರೆ.

ಅಮ್ಮನಿಗೆ ಇದನ್ನೆಲ್ಲ ಇಷ್ಟು ಉದ್ದ ಹೇಳಲಿಲ್ಲ. ಮೀನಿನ ಚಿತ್ರದ ಪ್ರಯೋಗ ಮಾತ್ರ ಹೇಳಿದೆ. “ಅದ್ಕೆ ಅಮೆರಿಕಕ್ಕೆ ಹೋಯ್ಕಾ?” ಅಂದಳು. ಪ್ಲೇಸ್ಕೂಲ್ ಯಾವುದು ಅಂತ ನಾವಿನ್ನೂ ನಿರ್ಧರಿಸಿಲ್ಲ. ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ ಮಾತ್ರ ಬರೆದಿಟ್ಟುಕೊಂಡಿದ್ದೇವೆ: ನಿಮ್ಮಲ್ಲಿ ಆಯಾ, ಟೀಚರ್ ಮಕ್ಕಳ ಹತ್ತಿರ ದಿನಕ್ಕೆ ಎಷ್ಟು ಹೊತ್ತು ಮಾತಾಡ್ತಾರೆ?